ಗಾಣದೆಣ್ಣೆ ಯಂತ್ರ ತಪ್ಪು ತೂಗಿ ಸುರಿದಾಗ: ದೋಷ ಹುಡುಕುವ ಕ್ರಮ

ತೂಗಿ ಸುರಿಯುವ ಯಂತ್ರ ಕೈಕೊಟ್ಟರೆ ಮೊದಲು ಬೈಸಿಕೊಳ್ಳುವುದು ಭಾರ ಅಳೆಯುವ ಸೆನ್ಸರ್, ಅಂದರೆ ಲೋಡ್ ಸೆಲ್. "ಸಾರ್, ಸೆಲ್ ಹೋಗಿದೆ, ಹೊಸದು ಹಾಕ್ಬಿಡಿ" ಎಂದು ಅಂಗಡಿಯವರು ತೀರ್ಪು ಕೊಟ್ಟೇ ಫೋನ್ ಮಾಡುತ್ತಾರೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಮಾರುಕಟ್ಟೆಯಾದ ಎಸ್.ಪಿ. ರಸ್ತೆಗೆ ಹೋಗಿ ಹೊಸ ಸೆಲ್ ತಂದು ತಾವೇ ಕೂರಿಸಿಕೊಂಡವರೂ ಇದ್ದಾರೆ. ಸಂಜೆ ಹೊತ್ತಿಗೆ ಅದೇ ತಪ್ಪು ಮತ್ತೆ. ಅಲ್ಯೂಮಿನಿಯಂ ತುಂಡಿನ ಮೇಲೆ ಬಾಗುವಿಕೆ ಅಳೆಯುವ ನಾಲ್ಕು ಸ್ಟ್ರೇನ್ ಗೇಜ್ ಅಂಟಿಸಿದ ಈ ಸಾಮಾನು ಮಿತಿ ಮೀರಿದ ಭಾರಕ್ಕೆ ಬಾಗದೆ, ಒಳಗೆ ನೀರು ಹೋಗದೆ ಸುಲಭಕ್ಕೆ ಕೆಡುವುದಿಲ್ಲ. ಕೆಡುವುದು ಅದರ ಸುತ್ತಲಿನದು: ಕೂರಿಸಿದ ರೀತಿ, ಕರೆಂಟು, ಪ್ರೋಗ್ರಾಂ ಅಂಕಿ ಓದುವ ವೇಗ, ಪೈಪು, ವಾಲ್ವು.

ಈ ಬರಹ ಬೆಂಗಳೂರಿನ ಮರದ ಗಾಣದ ಅಂಗಡಿಗಳಲ್ಲಿ ಈಗ ಕಾಣುವ ಯಂತ್ರದ ಬಗ್ಗೆ. ಗಿರಾಕಿ ತಂದ ಡಬ್ಬಿಯನ್ನು ತಟ್ಟೆಯ ಮೇಲಿಟ್ಟು ಗುಂಡಿ ಒತ್ತಿದರೆ ಯಂತ್ರ ಡಬ್ಬಿಯ ತೂಕ ಕಳೆದು, ಪಂಪ್ ಓಡಿಸಿ, ಒಂದು ಲೀಟರ್ ಕಡಲೆಕಾಯಿ ಎಣ್ಣೆಗೆ ಸುಮಾರು 915 ಗ್ರಾಂ ಆದಾಗ ನಿಲ್ಲಬೇಕು. ತಟ್ಟೆಯ ಕೆಳಗೆ 5 ಅಥವಾ 10 ಕಿಲೋದ ಲೋಡ್ ಸೆಲ್, ಅದರ ಸಿಗ್ನಲನ್ನು ಅಂಕಿಯಾಗಿಸುವ ಎಚ್‌ಎಕ್ಸ್711 ಬೋರ್ಡು, ಮೇಲೆ ಪ್ರೋಗ್ರಾಂ ಓಡಿಸುವ ಕಂಟ್ರೋಲರ್, ಅಂದರೆ ಆರ್ಡುಯಿನೊ ಅಥವಾ ಇಎಸ್‌ಪಿ32, 12 ವೋಲ್ಟಿನ ಗೇರ್ ಪಂಪ್, ನಳಿಕೆಯ ತುದಿಯಲ್ಲಿ ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್. ಎಣ್ಣೆಯ ಬದಲು ಫಿನಾಯಿಲ್, ಜೇನು, ಶಾಂಪೂ ಸುರಿಯುವ ಯಂತ್ರಕ್ಕೂ ಮುಂದೆ ಹೇಳುವುದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಹುಡುಕುವ ಕ್ರಮ ಇಷ್ಟೇ. ಪಂಪ್ ಆಫ್ ಇದ್ದಾಗ ಯಂತ್ರ ಬರೀ ತಕ್ಕಡಿ. ಆಗಲೂ ತಪ್ಪು ತೋರಿಸುತ್ತದೆಯೇ? ಇಲ್ಲವಾದರೆ, ಪಂಪ್ ಓಡುತ್ತಿದ್ದು ತಟ್ಟೆಗೆ ಎಣ್ಣೆ ಬೀಳದಿದ್ದಾಗ? ಅದೂ ಸರಿಯಿದ್ದರೆ ಎಣ್ಣೆ ಬೀಳುವಾಗ? ಈ ಮೂರು ಪ್ರಶ್ನೆಗಳನ್ನು ಇದೇ ಸಾಲಿನಲ್ಲಿ ಕೇಳಬೇಕು. ಸಾಲು ತಪ್ಪಿಸಿದರೆ ಪೈಪಿನ ತಪ್ಪಿಗೆ ಪ್ರೋಗ್ರಾಂ ತಿದ್ದುತ್ತಾ, ಕರೆಂಟಿನ ತಪ್ಪಿಗೆ ಸೆಲ್ ಬದಲಿಸುತ್ತಾ ದಿನ ಹೋಗುತ್ತದೆ.

ಮೊದಲು ಎಣ್ಣೆ ಹರಿಯದಂತೆ ಮಾಡಿ

ದೋಷ ಹುಡುಕುವಾಗ ತಂತಿ ಬಿಚ್ಚುತ್ತೇವೆ, ಜೋಡಿಸುತ್ತೇವೆ. ಆ ಹೊತ್ತಿಗೆ ಪಂಪ್ ಓಡಿಬಿಟ್ಟರೆ ಅಂಗಡಿ ತುಂಬ ಎಣ್ಣೆ. ಆದ್ದರಿಂದ ಪಂಪಿನ 12 ವೋಲ್ಟ್ ಸಂಪರ್ಕವನ್ನು ಮೊದಲೇ ತೆಗೆದಿಡಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಎಚ್‌ಎಕ್ಸ್711ಗೆ ಎಲ್ಲರೂ ಬಳಸುವ ಸಿದ್ಧ ಪ್ರೋಗ್ರಾಂ ಕಟ್ಟಿನಲ್ಲಿ, ಅಂದರೆ ಲೈಬ್ರರಿಯಲ್ಲಿ, ಓದುವ ಸಾಮಾನ್ಯ ಆಜ್ಞೆ ಹೊಸ ಅಂಕಿ ಸಿದ್ಧವಾಗುವವರೆಗೆ ಕಾಯುತ್ತಾ ನಿಲ್ಲುತ್ತದೆ. ಎಣ್ಣೆ ಸುರಿಯುತ್ತಿರುವಾಗ ಅಂಕಿ ತರುವ ಡೇಟಾ ತಂತಿ ಸಡಿಲವಾದರೆ ಆ ಕಾಯುವಿಕೆಗೆ ಕೊನೆಯಿಲ್ಲ, ಪಂಪ್ ನಿಲ್ಲಿಸುವ ಸಾಲಿಗೆ ಪ್ರೋಗ್ರಾಂ ತಲುಪುವುದೇ ಇಲ್ಲ. ನೀವು ನೋಡುತ್ತಿರುವ ಯಂತ್ರದಲ್ಲಿ ಹೀಗಿದ್ದರೆ ಬೇರೆಲ್ಲ ಬಿಟ್ಟು ಇದನ್ನು ಸರಿಮಾಡಿ: ಪಂಪ್ ಓಡುತ್ತಿದ್ದಾಗ 300 ಮಿಲಿಸೆಕೆಂಡಿನೊಳಗೆ ಹೊಸ ಅಂಕಿ ಬರದಿದ್ದರೆ ಪಂಪ್ ಆಫ್, ಮೂರು ಸೆಕೆಂಡಿನಲ್ಲಿ ತೂಕ ಏರದಿದ್ದರೆ ಆಫ್, ತೂಕ ಏಕಾಏಕಿ ಇಳಿದರೆ, ಅಂದರೆ ಯಾರೋ ಡಬ್ಬಿ ಎತ್ತಿದರೆ, ಆಫ್. ವಾಚ್‌ಡಾಗ್ ಟೈಮರ್ ಆನ್ ಇರಲಿ, ಪ್ರೋಗ್ರಾಂ ಸಿಕ್ಕಿಬಿದ್ದರೆ ಅದು ಕಂಟ್ರೋಲರನ್ನು ರೀಸೆಟ್ ಮಾಡುತ್ತದೆ. ಪಂಪಿಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್‌ಫೆಟ್‌ನ ಗೇಟಿನಿಂದ ಗ್ರೌಂಡಿಗೆ 10 ಕಿಲೋ ಓಮ್ ರೆಸಿಸ್ಟರ್ ಇದ್ದರೆ ಕಂಟ್ರೋಲರ್ ರೀಸೆಟ್ ಆಗುವ ಕ್ಷಣದಲ್ಲೂ ಪಂಪ್ ಸುಮ್ಮನಿರುತ್ತದೆ.

ಪಂಪ್ ಇಲ್ಲ, ಎಣ್ಣೆ ಇಲ್ಲ: ತಕ್ಕಡಿ ಸರಿಯಿದೆಯೇ?

ಗ್ರಾಂ ನೋಡಬೇಡಿ. ಲೆಕ್ಕ ಹಾಕುವ ಮುಂಚಿನ ಹಸಿ ಅಂಕಿಯನ್ನು ಕಂಪ್ಯೂಟರಿನಲ್ಲಿ ನೋಡಿ. ಎಚ್‌ಎಕ್ಸ್711 ಕೊಡುವುದು 24 ಬಿಟ್ಟಿನ ಅಂಕಿ, ಮೈನಸ್ 83,88,608ರಿಂದ ಪ್ಲಸ್ 83,88,607ರವರೆಗೆ. ಈ ಅಂಕಿಯೇ ಅರ್ಧ ರೋಗ ಹೇಳುತ್ತದೆ.

ಅಂಕಿ ಸದಾ 0 ಆಗಿದ್ದರೆ ಡೇಟಾ ತಂತಿ ಗ್ರೌಂಡಿಗೆ ಅಂಟಿದೆ ಅಥವಾ ಚಿಪ್ಪಿಗೆ ಕರೆಂಟೇ ಇಲ್ಲ. ಸದಾ ಮೈನಸ್ 1 ಆಗಿದ್ದರೆ ಎಲ್ಲ ಬಿಟ್ಟೂ 1 ಬರುತ್ತಿದೆ ಎಂದರ್ಥ. ಚಿಪ್ ಸಿದ್ಧವಿದೆಯೇ ಎಂದು ನೋಡದೆ ಪ್ರೋಗ್ರಾಂ ಓದುತ್ತಿದೆ. ಎರಡು ತುದಿಗಳಲ್ಲಿ ಒಂದಕ್ಕೆ ಹೋಗಿ ನಿಂತಿದ್ದರೆ ಸೆಲ್ಲಿನ ನಾಲ್ಕು ತಂತಿಗಳಲ್ಲಿ ಒಂದು ಕಿತ್ತಿದೆ ಅಥವಾ ಅಕ್ಕಪಕ್ಕದ ಎರಡು ಅದಲುಬದಲಾಗಿವೆ. ಭಾರ ಇಟ್ಟಾಗ ಅಂಕಿ ಇಳಿದರೆ ಚಿಂತೆ ಬೇಡ, ಸಿಗ್ನಲ್ ತಂತಿಗಳಾದ ಎ ಪ್ಲಸ್ ಮತ್ತು ಎ ಮೈನಸ್ ತಿರುಗಿವೆ ಅಷ್ಟೇ, ಅಥವಾ ಸೆಲ್ಲನ್ನೇ ಬುಡಮೇಲು ಕೂರಿಸಿದ್ದಾರೆ.

ತಂತಿಯ ಬಣ್ಣವನ್ನು ನಂಬಬೇಡಿ. ಕೆಂಪು, ಕಪ್ಪು, ಬಿಳಿ, ಹಸಿರು ಎಂಬ ಕ್ರಮ ಸಾಮಾನ್ಯವಾದರೂ ಎಲ್ಲ ತಯಾರಕರೂ ಪಾಲಿಸುವುದಿಲ್ಲ. ಬೋರ್ಡಿನಿಂದ ನಾಲ್ಕನ್ನೂ ಬಿಚ್ಚಿ, ಎರಡೆರಡರ ನಡುವೆ ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ; ಆರು ಜೋಡಿ ಆಗುತ್ತದೆ. ಕಡಿಮೆ ಬೆಲೆಯ 1,000 ಓಮ್ ಸೆಲ್ಲಿನಲ್ಲಿ ಎರಡು ಜೋಡಿ ಸುಮಾರು 1,000, ಉಳಿದ ನಾಲ್ಕು ಸುಮಾರು 750 ತೋರಿಸಬೇಕು. ಹೆಚ್ಚು ತೋರಿಸಿದ ಜೋಡಿಗಳಲ್ಲಿ ಒಂದು ಕರೆಂಟು ಕೊಡುವುದು, ಇನ್ನೊಂದು ಸಿಗ್ನಲ್. ನಾಲ್ಕು ಗೇಜುಗಳು ಚೌಕದ ನಾಲ್ಕು ಬದಿಗಳಂತೆ ಜೋಡಣೆಯಾಗಿರುವುದರಿಂದ ಎದುರು ಮೂಲೆಗಳ ನಡುವೆ ಪೂರ್ತಿ ಬೆಲೆ, ಪಕ್ಕದ ಮೂಲೆಗಳ ನಡುವೆ ಮುಕ್ಕಾಲು. ಕಾರ್ಖಾನೆಗಳಲ್ಲಿ ಬಳಸುವ 350 ಓಮ್ ಸೆಲ್ಲಿನಲ್ಲಿ ಕರೆಂಟು ಕೊಡುವ ಜೋಡಿ 400ರ ಆಸುಪಾಸು, ಸಿಗ್ನಲ್ ಜೋಡಿ 350 ಇರುವುದು ವಾಡಿಕೆ. ಜೋಡಿಗಳ ಬೆಲೆ ಈ ಲೆಕ್ಕಕ್ಕೆ ಹೊಂದದಿದ್ದರೆ ಗೇಜೋ ತಂತಿಯೋ ಹೋಗಿದೆ, ಆಗ ಮಾತ್ರ ಎಸ್.ಪಿ. ರಸ್ತೆಗೆ ಹೊರಡಿ. ತಂತಿಗೂ ಸೆಲ್ಲಿನ ಲೋಹಕ್ಕೂ ನಡುವೆ ಮೀಟರ್ ಏನೂ ತೋರಿಸಬಾರದು. ತೋರಿಸಿದರೆ ತೇವ ಒಳಗೆ ಹೋಗಿದೆ.

ಸೆಲ್ ಪಾಸಾದರೆ ಬೋರ್ಡಿನ ಸರದಿ. ಎಲ್ಲೆಡೆ ಸಿಗುವ ಹಸಿರು ಎಚ್‌ಎಕ್ಸ್711 ಬೋರ್ಡು 5 ವೋಲ್ಟ್ ಕೊಟ್ಟಾಗ ಸೆಲ್ಲಿಗೆ ಸುಮಾರು 4.3 ವೋಲ್ಟ್ ಕಳಿಸುತ್ತದೆ. ಸೆಲ್ಲಿಗೆ ಕರೆಂಟು ಕೊಡುವ ಇ ಪ್ಲಸ್ ಮತ್ತು ಇ ಮೈನಸ್ ನಡುವೆ ಅಳೆದು ನೋಡಿ. ಅಲ್ಲಿ ಅಂಕಿ ಅಡ್ಡಾದಿಡ್ಡಿ ಬಂದರೆ ಬೋರ್ಡ್ ಆಫ್ ಮಾಡಿ ಇ ಮೈನಸ್‌ಗೂ ಗ್ರೌಂಡಿಗೂ ಸಂಪರ್ಕ ಇದೆಯೇ ಪರೀಕ್ಷಿಸಿ. ಕೆಲವು ಅಗ್ಗದ ಬೋರ್ಡುಗಳಲ್ಲಿ ಈ ದಾರಿಯನ್ನೇ ಹಾಕಿರುವುದಿಲ್ಲ! ಎರಡರ ನಡುವೆ ಒಂದು ಚಿಕ್ಕ ತಂತಿ ಬೆಸೆದರೆ ಕೆಲಸ ಮುಗಿಯಿತು. ಇಎಸ್‌ಪಿ32 ಜೊತೆ ಬಳಸುವವರು ಬೋರ್ಡಿಗೆ 5 ವೋಲ್ಟ್ ಕೊಟ್ಟು ಡೇಟಾ ತಂತಿಯನ್ನು ನೇರವಾಗಿ ಜೋಡಿಸಬಾರದು, ಆ ಚಿಪ್ಪಿನ ಕಾಲುಗಳು 3.3 ವೋಲ್ಟಿನವು. 3.3 ವೋಲ್ಟನ್ನೇ ಕೊಟ್ಟರೂ ನಡೆಯುತ್ತದೆ; ಸೆಲ್ಲಿಗೆ ಹೋಗುವ ವೋಲ್ಟೇಜು ಇಳಿಯುತ್ತದೆ, ಅಂಕಿ ತುಸು ಹೆಚ್ಚು ಅಲುಗುತ್ತದೆ, ಎಣ್ಣೆ ಅಳೆಯಲು ಅಷ್ಟು ಸಾಕು.

ಈಗ ಒಂದು ಲೆಕ್ಕ. ಇದನ್ನು ಬಹಳ ಮಂದಿ ಮಾಡುವುದಿಲ್ಲ, ಮಾಡಿದರೆ ಅರ್ಧ ಗಂಟೆಯ ಪರದಾಟ ಉಳಿಯುತ್ತದೆ. 5 ಕಿಲೋದ, ಪೂರ್ತಿ ಭಾರಕ್ಕೆ ತನಗೆ ಕೊಟ್ಟ ಪ್ರತಿ ವೋಲ್ಟಿಗೆ 1 ಮಿಲಿವೋಲ್ಟ್ ಸಿಗ್ನಲ್ ಕೊಡುವ ಸೆಲ್ ಇದೆ ಎನ್ನಿ. 128 ಪಟ್ಟು ಹಿಗ್ಗಿಸಿದಾಗ ಪೂರ್ತಿ 5 ಕಿಲೋಗೆ ಅಂಕಿ ಸುಮಾರು 21,47,000ದಷ್ಟು ಏರಬೇಕು, ಅಂದರೆ ಗ್ರಾಮಿಗೆ 429. ಬೋರ್ಡಿನ ವೋಲ್ಟೇಜು ಎಷ್ಟೇ ಇರಲಿ ಈ ಸಂಖ್ಯೆ ಹೆಚ್ಚು ಬದಲಾಗದು, ಏಕೆಂದರೆ ಸೆಲ್ಲಿಗೂ ಅಳತೆಗೂ ಆಧಾರ ಒಂದೇ ವೋಲ್ಟೇಜು. 10 ಕಿಲೋದ 2 ಮಿಲಿವೋಲ್ಟಿನ ಸೆಲ್ಲಿಗೂ 429ರ ಆಸುಪಾಸೇ. ನಿಮ್ಮ ಯಂತ್ರದ ಕ್ಯಾಲಿಬ್ರೇಷನ್ ಸಂಖ್ಯೆ (ಒಂದು ಗ್ರಾಮಿಗೆ ಹಸಿ ಅಂಕಿ ಏರುವಷ್ಟು) 400ರಿಂದ 450ರೊಳಗಿದ್ದರೆ ನೆಮ್ಮದಿ. ಸರಿಯಾಗಿ ಅರ್ಧ, 215 ಬಂದರೆ ಗೇನ್, ಅಂದರೆ ಹಿಗ್ಗಿಸುವ ಪಟ್ಟು, 128ರ ಬದಲು 64 ಆಗಿದೆ. 300, 350 ಎಂದೆಲ್ಲ ಬಂದರೆ ಭಾರದ ಒಂದು ಪಾಲನ್ನು ಬೇರೇನೋ ಹೊರುತ್ತಿದೆ, ಎಲ್ಲೋ ತಟ್ಟೆ ತಾಗುತ್ತಿದೆ.

ತಟ್ಟೆ ತಾಗುವುದು ಎಣ್ಣೆ ಅಂಗಡಿಗಳ ಖಾಯಂ ಕಾಯಿಲೆ. ಸೆಲ್ಲಿನ ಒಂದು ತುದಿ ಬುಡಕ್ಕೆ, ಇನ್ನೊಂದು ತುದಿ ತಟ್ಟೆಗೆ. ನಡುವಿನ ಭಾಗ ಯಾವುದನ್ನೂ ಮುಟ್ಟಬಾರದು. ಎರಡು ತುದಿಗೂ ಎರಡು ಮೂರು ಮಿಲಿಮೀಟರಿನ ವಾಷರ್ ಕೊಡದೆ ನೇರ ಬಿಗಿದಿದ್ದರೆ ಭಾರ ಬಿದ್ದಾಗ ಬಾಗಲು ಜಾಗವಿಲ್ಲ. ಸರಿಯಾಗಿ ಕೂರಿಸಿದ ಯಂತ್ರದಲ್ಲೂ ಕೆಲವು ತಿಂಗಳಲ್ಲಿ ಚೆಲ್ಲಿದ ಎಣ್ಣೆ, ಧೂಳು, ಹಿಂಡಿಯ ಪುಡಿ ಸೇರಿ ಜಿಡ್ಡುಗಟ್ಟಿ ಆ ಸಂದನ್ನು ತುಂಬುತ್ತವೆ. ಇರುವೆಗಳಿಗೂ ಆ ಜಾಗ ಬಲು ಪ್ರೀತಿ. ಲಕ್ಷಣ ಹೀಗೆ: 1 ಕಿಲೋ ಇಟ್ಟು ತೆಗೆದರೆ ಸೊನ್ನೆಗೆ ಮರಳದೆ ಮೂರು ನಾಲ್ಕು ಗ್ರಾಮಿನಲ್ಲಿ ನಿಲ್ಲುತ್ತದೆ, ತಟ್ಟೆಯನ್ನು ಬೆರಳಿನಿಂದ ತಟ್ಟಿದರೆ ಸೊನ್ನೆಗೆ ಹೋಗುತ್ತದೆ. ಒಂದು ಹಾಳೆಯನ್ನು ಸಂದಿನಲ್ಲಿ ಸುತ್ತ ಎಳೆದು ನೋಡಿ, ಎಲ್ಲಿ ತಡೆಯುತ್ತದೋ ಅಲ್ಲಿ ಕೊಳೆ.

ಸರ್ಕಾರಿ ಪರಿಶೀಲನೆಯ ಮುದ್ರೆ ಬಿದ್ದ 1 ಕಿಲೋ ತೂಕದ ಬಟ್ಟನ್ನು ತಟ್ಟೆಯ ನಾಲ್ಕು ಮೂಲೆಗೂ ಇಟ್ಟು ನೋಡುವುದನ್ನೂ ಮರೆಯಬೇಡಿ. ಮೂಲೆಯಿಂದ ಮೂಲೆಗೆ ಎರಡು ಗ್ರಾಮಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ತಟ್ಟೆ ಆ ಸೆಲ್ಲಿಗೆ ದೊಡ್ಡದಾಯಿತು, ಇಲ್ಲವೇ ಸ್ಕ್ರೂ ಸಡಿಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಕೆಲಸದಲ್ಲಿ ಒಮ್ಮೊಮ್ಮೆ ನೆಲವೇ ಡೊಂಕಿರುತ್ತದೆ. ಮೇಜು 5 ಡಿಗ್ರಿ ವಾಲಿದರೆ ಕಿಲೋಗೆ ಸುಮಾರು 4 ಗ್ರಾಂ ಕಡಿಮೆ ತೋರಿಸುತ್ತದೆ. ಅಲ್ಲೇ ಕ್ಯಾಲಿಬ್ರೇಟ್ ಮಾಡಿದ್ದರೆ ಗೊತ್ತಾಗುವುದಿಲ್ಲ, ಗುಡಿಸುವಾಗ ಯಂತ್ರ ಅತ್ತಿತ್ತ ಸರಿಸಿದ ದಿನ ಗೊತ್ತಾಗುತ್ತದೆ.

ಅಂಕಿ ನಿಲ್ಲದೆ ತೂಗಾಡುತ್ತಿದ್ದರೆ ಮೊದಲು ತಲೆ ಎತ್ತಿ ಸೀಲಿಂಗ್ ಫ್ಯಾನ್ ನೋಡಿ. ಅಗಲ ತಟ್ಟೆಯ ಮೇಲೆ ಗಾಳಿ ಬೀಸಿದರೆ ಅದೂ ಭಾರವೇ. ಆಮೇಲೆ ಗಾಣದ ಮೋಟಾರ್. ಗಾಣ ಮತ್ತು ತಕ್ಕಡಿ ಒಂದೇ ಮೇಜಿನ ಮೇಲಿದ್ದರೆ ಯಾವ ಪ್ರೋಗ್ರಾಮೂ ಕಾಪಾಡದು. ಇದಕ್ಕೆ ಕೆಲವರು ತಕ್ಕಡಿಯ ಕೆಳಗೆ ಸ್ಪಂಜ್ ಇಡುತ್ತಾರೆ, ಅದರಿಂದ ಇನ್ನಷ್ಟು ಅಲುಗುತ್ತದೆ. ರಬ್ಬರ್ ಹಾಕಬೇಕಾದ್ದು ಗಾಣದ ಕಾಲಿಗೆ. ತಕ್ಕಡಿಗೆ ಬೇಕಾದ್ದು ದಪ್ಪ ಕಡಪ ಕಲ್ಲು, ಸಾಧ್ಯವಾದರೆ ಗೋಡೆಗೆ ಬೇರೆ ಬ್ರಾಕೆಟ್.

ಇನ್ನು ಬಿಸಿಲೇರಿದಂತೆ ಸೊನ್ನೆ ಸರಿಯುವುದು, ಭಾರವನ್ನು ಅರ್ಧ ಗಂಟೆ ಇಟ್ಟರೆ ಒಂದೆರಡು ಗ್ರಾಂ ಏರುವುದು. ಇದಕ್ಕಾಗಿ ತಲೆ ಕೆಡಿಸಿಕೊಳ್ಳುವವರು ಬಹಳ. ಒಂದು ಡಬ್ಬಿ ತುಂಬಲು ಅರ್ಧ ನಿಮಿಷ, ಪ್ರತಿ ಡಬ್ಬಿಗೂ ಹೊಸದಾಗಿ ಟೇರ್, ಅಂದರೆ ಖಾಲಿ ಡಬ್ಬಿಯ ತೂಕ ಕಳೆದು ಸೊನ್ನೆ ಮಾಡುವುದು. ಅಷ್ಟರಲ್ಲಿ ಎಷ್ಟು ಸರಿದೀತು? ಬಿಟ್ಟುಬಿಡಿ.

ಪಂಪ್ ಓಡಿದಾಗ ಮಾತ್ರ ಕುಣಿಯುವ ಅಂಕಿ

ತಕ್ಕಡಿ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಪಂಪಿನ ಸಂಪರ್ಕ ಕೊಡಿ. ಗೇರ್ ಪಂಪನ್ನು ಒಣಗಿ ಓಡಿಸಬಾರದು, ಹಲ್ಲು ಸವೆಯುತ್ತದೆ. ನಳಿಕೆಯ ಪೈಪನ್ನು ಎಣ್ಣೆಯ ಪೀಪಾಯಿಗೇ ಮರಳಿ ಬಿಡಿ. ಎಣ್ಣೆ ಸುತ್ತುತ್ತಿರಲಿ, ತಟ್ಟೆಯ ಮೇಲೆ 1 ಕಿಲೋ ಬಟ್ಟು ಕೂತಿರಲಿ. ಈಗ ಅಂಕಿ ಬದಲಾದರೆ ಅದಕ್ಕೆ ಎಣ್ಣೆಯ ತೂಕ ಕಾರಣವಲ್ಲ ಎಂಬುದು ಸ್ಪಷ್ಟ.

ಪಂಪ್ ಶುರುವಾದ ಕ್ಷಣದಲ್ಲಿ ಕಂಟ್ರೋಲರ್ ರೀಸೆಟ್ ಆಗಿ ಪರದೆ ಮಿನುಗಿದರೆ ಅಡಾಪ್ಟರ್ ಸಾಲುತ್ತಿಲ್ಲ. ನಿಂತ ಮೋಟಾರ್ ಹೊರಡುವಾಗ ಓಡುವಾಗಿನದ್ದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಕಂಟ್ರೋಲರಿಗೆ ಬೇರೆಯೇ 5 ವೋಲ್ಟ್ ಅಡಾಪ್ಟರ್ ಕೊಟ್ಟು, ಎರಡರ ಗ್ರೌಂಡುಗಳನ್ನು ಒಂದೇ ಜಾಗದಲ್ಲಿ ಸೇರಿಸಿ. ಪಂಪಿನ ಗ್ರೌಂಡ್ ತಂತಿ ಎಚ್‌ಎಕ್ಸ್711 ಬೋರ್ಡಿನ ಮೂಲಕ ಹಾದುಹೋಗುವಂತೆ ಜೋಡಿಸಿರುವ ಯಂತ್ರಗಳಿವೆ. ಅಲ್ಲಿ ಪಂಪ್ ಓಡುವಷ್ಟು ಹೊತ್ತೂ ಅಂಕಿ ಒಂದು ಕಡೆ ಸರಿದು ನಿಂತು, ಪಂಪ್ ನಿಂತಾಗ ಮರಳುತ್ತದೆ. ಈ ಲಕ್ಷಣ ಕಂಡರೆ ಪ್ರೋಗ್ರಾಂ ಮುಟ್ಟಬೇಡಿ, ಗ್ರೌಂಡ್ ದಾರಿ ಬದಲಿಸಿ.

ಪಂಪ್ ನಿಲ್ಲುವಾಗ ರೀಸೆಟ್ ಆದರೆ ಕಥೆ ಬೇರೆ. ಮೋಟಾರಿನ ಸುರುಳಿ ಕರೆಂಟು ಕಡಿದಾಗ ಹಿಂದಕ್ಕೆ ಒದೆಯುತ್ತದೆ. ಮೋಟಾರಿಗೆ ಅಡ್ಡಲಾಗಿ, ಹಿಮ್ಮುಖವಾಗಿ ಒಂದು ಡಯೋಡ್ ಇರಬೇಕು. ಬರೀ ಆನ್ ಆಫ್ ಆದರೆ 1ಎನ್4007 ಸಾಕು, ಪಿಡಬ್ಲ್ಯುಎಂ ಕೊಟ್ಟು, ಅಂದರೆ ಕರೆಂಟನ್ನು ಬಹಳ ವೇಗವಾಗಿ ಆನ್ ಆಫ್ ಮಾಡುತ್ತಾ, ಪಂಪಿನ ವೇಗ ಇಳಿಸುವುದಾದರೆ ಆ ಡಯೋಡ್ ನಿಧಾನ. 1ಎನ್5822ನಂಥ ವೇಗದ ಡಯೋಡ್, ಅಂದರೆ ಶಾಟ್‌ಕಿ ಹಾಕಿ. ಮೋಟಾರಿನ ಎರಡು ಕಾಲುಗಳ ನಡುವೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸೆದರೆ ಬ್ರಶ್ಶಿನ ಕಿಡಿಯ ಗದ್ದಲವೂ ತಗ್ಗುತ್ತದೆ. ವಾಲ್ವ್ 230 ವೋಲ್ಟಿನದಾಗಿದ್ದರೆ ಅದರ ಸುರುಳಿಗೆ ಡಯೋಡ್ ಹಾಕಬಾರದು. 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸಾಲಾಗಿ ಸೇರಿದ, ಒದೆತ ತಗ್ಗಿಸುವ ಸ್ನಬ್ಬರ್ ಬೇಕು. ಆ ಕೆಪಾಸಿಟರ್ ಮೇನ್ಸ್ ವೋಲ್ಟೇಜಿಗೆಂದೇ ಮಾಡಿದ ಎಕ್ಸ್2 ದರ್ಜೆಯದೇ ಇರಲಿ, ಮುಟ್ಟುವ ಮುನ್ನ ಪ್ಲಗ್ ಕಿತ್ತಿಡಿ.

ಎಲ್ಲಕ್ಕಿಂತ ತಲೆ ತಿನ್ನುವುದು ಆಗೊಮ್ಮೆ ಈಗೊಮ್ಮೆ ಬರುವ ಒಂದೇ ಒಂದು ಹುಚ್ಚು ಅಂಕಿ. ಅದು ನಿಖರವಾಗಿ ಎಷ್ಟು ಎಂದು ಬರೆದಿಡಿ. ಹಸಿ ಅಂಕಿ ಸರಿಯಾಗಿ ಅರ್ಧಕ್ಕೆ ಇಳಿದು ಮರುಕ್ಷಣ ಮೊದಲಿನಂತಾದರೆ ಕಂಟ್ರೋಲರ್ ಮಿಡಿತ ಕಳಿಸಿ ಅಂಕಿ ಓದುವ ಕ್ಲಾಕ್ ತಂತಿಯ ಮೇಲೆ ಕಳ್ಳ ಮಿಡಿತಗಳು ಸೇರಿವೆ. ಈ ಚಿಪ್ಪಿಗೆ 25 ಮಿಡಿತ ಕೊಟ್ಟರೆ ಮುಂದಿನ ಓದು ಗೇನ್ 128ರಲ್ಲಿ, 27 ಕೊಟ್ಟರೆ 64ರಲ್ಲಿ. 26 ಆದರೆ ಎರಡನೇ ಚಾನೆಲ್ಲಿಗೆ ಹೊರಳುತ್ತದೆ, ಅಲ್ಲಿ ಏನೂ ಜೋಡಿಸಿಲ್ಲವಾದ್ದರಿಂದ ಅರ್ಥವಿಲ್ಲದ ಅಂಕಿ. ಎಚ್‌ಎಕ್ಸ್711ರಿಂದ ಕಂಟ್ರೋಲರಿಗೆ ಹೋಗುವ ತಂತಿಯನ್ನು ಗಿಡ್ಡ ಮಾಡಿ, ಪಂಪಿನ ತಂತಿಯಿಂದ ದೂರ ಎಳೆಯಿರಿ. ಪಂಪ್ ಆಫ್ ಇದ್ದಾಗಲೂ ಹುಚ್ಚು ಅಂಕಿ ಬಂದರೆ, ಅದರಲ್ಲೂ ಇಎಸ್‌ಪಿ32ರಲ್ಲಿ ವೈಫೈ ಆನ್ ಇದ್ದಾಗ ಬಂದರೆ, ಬೇರೆ ಕಾರಣ: ಕ್ಲಾಕ್ ತಂತಿ 60 ಮೈಕ್ರೋಸೆಕೆಂಡಿಗಿಂತ ಹೆಚ್ಚು ಹೊತ್ತು ಮೇಲಿದ್ದರೆ ಈ ಚಿಪ್ ನಿದ್ದೆಗೆ ಹೋಗುತ್ತದೆ. ಓದುತ್ತಿರುವ ನಡುವೆ ವೈಫೈ ಕೆಲಸ ನುಗ್ಗಿದರೆ ಅಷ್ಟು ಹೊತ್ತು ಸುಲಭವಾಗಿ ಕಳೆಯುತ್ತದೆ. ಆ 25 ಮಿಡಿತಗಳಷ್ಟು ಹೊತ್ತು ಮಾತ್ರ ಇಂಟರಪ್ಟ್ (ನಡುವೆ ನುಗ್ಗುವ ಬೇರೆ ಕೆಲಸ) ತಡೆಹಿಡಿಯಿರಿ. ಮೂರು ಓದುಗಳಲ್ಲಿ ನಡುವಿನದನ್ನು ಆರಿಸುವ ಉಪಾಯದಿಂದ ಹುಚ್ಚು ಅಂಕಿ ಮರೆಯಾಗುತ್ತದೆ ನಿಜ. ಮೊದಲು ಕಾರಣ ಸರಿಪಡಿಸಿ, ಆಮೇಲೆ ಕಾವಲಿಗೆ ಅದನ್ನೂ ಇಡಿ.

ಎಣ್ಣೆ ಬೀಳುವಾಗ

ಇಲ್ಲಿಗೆ ಬಂದವರ ದೂರು ಸಾಮಾನ್ಯವಾಗಿ ಒಂದೇ: ಹೇಳಿದ್ದಕ್ಕಿಂತ ಹೆಚ್ಚು ಬೀಳುತ್ತದೆ. ಹತ್ತು ಡಬ್ಬಿ ತುಂಬಿಸಿ, ಒಂದೊಂದನ್ನೂ ಮುದ್ರೆಯ ತಕ್ಕಡಿಯಲ್ಲಿ ತೂಗಿ, ಸಾಲಾಗಿ ಬರೆಯಿರಿ. ಹತ್ತೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಹೆಚ್ಚಿದ್ದರೆ ವಿಳಂಬದ ಸಮಸ್ಯೆ, ಸುಲಭ. ಒಂದು 25, ಇನ್ನೊಂದು 60, ಮತ್ತೊಂದು 40 ಎಂದು ಚದುರಿದ್ದರೆ ಓದುವ ಕ್ರಮದಲ್ಲೋ ಎಣ್ಣೆಯ ಹರಿವಿನಲ್ಲೋ ತಪ್ಪಿದೆ.

ಹೆಚ್ಚು ಬಿದ್ದದ್ದಕ್ಕೆ ಎಲ್ಲರೂ ಹೇಳುವ ಕಾರಣ, "ವಾಲ್ವ್ ಮುಚ್ಚಿದಾಗ ಗಾಳಿಯಲ್ಲಿದ್ದ ಎಣ್ಣೆ ಆಮೇಲೆ ಬೀಳುತ್ತೆ." ಕೇಳಲು ಸರಿ, ಲೆಕ್ಕಕ್ಕೆ ನಿಲ್ಲುವುದಿಲ್ಲ. ಸೆಕೆಂಡಿಗೆ 40 ಗ್ರಾಂ ಧಾರೆ 20 ಸೆಂಟಿಮೀಟರ್ ಎತ್ತರದಿಂದ ಬೀಳುತ್ತಿದೆ ಎನ್ನಿ. ಬೀಳಲು 0.2 ಸೆಕೆಂಡ್ ಬೇಕು, ಹಾಗಾಗಿ ಗಾಳಿಯಲ್ಲಿ 8 ಗ್ರಾಂ ಇದೆ. ಆದರೆ ಆ ಧಾರೆ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಡಬ್ಬಿಗೆ ಬಡಿಯುತ್ತಿದೆ, ಆ ಬಡಿತವೂ ತಟ್ಟೆಯನ್ನು ಒತ್ತುತ್ತದೆ. ಎಷ್ಟು? 0.08 ನ್ಯೂಟನ್, ಅಂದರೆ 8 ಗ್ರಾಂ ತೂಕದಷ್ಟು. ಇನ್ನೂ ಬಾರದ ಎಣ್ಣೆಯನ್ನು ತಕ್ಕಡಿ ಮೊದಲೇ ಎಣಿಸಿಕೊಂಡಿದೆ! ನಳಿಕೆ ಎಷ್ಟೇ ಎತ್ತರವಿರಲಿ ಈ ಎರಡು ಪರಸ್ಪರ ವಜಾ ಆಗುತ್ತವೆ. ಪಂಪ್ ಎಣ್ಣೆಯನ್ನು ಚಿಮ್ಮಿಸಿ ಕಳಿಸುತ್ತಿದ್ದರೆ ಬಡಿತ ಇನ್ನೂ ಹೆಚ್ಚಿ, ಕೊನೆಗೆ ಡಬ್ಬಿಯಲ್ಲಿ ಕಡಿಮೆಯೇ ಬೀಳಬೇಕು: 6 ಮಿಲಿಮೀಟರ್ ನಳಿಕೆಯಲ್ಲಿ ಇದೇ ಹರಿವಿಗೆ ಸುಮಾರು 6 ಗ್ರಾಂ ಕಡಿಮೆ, 10 ಮಿಲಿಮೀಟರ್ ನಳಿಕೆಯಲ್ಲಿ 2 ಗ್ರಾಂ.

ಹಾಗಾದರೆ ಹೆಚ್ಚುವರಿ ಎಣ್ಣೆ ಎಲ್ಲಿಂದ ಬಂತು? ಅಂಕಿ ಹಳತಾಗಿರುವುದರಿಂದ. ಹಸಿರು ಬೋರ್ಡು ಸೆಕೆಂಡಿಗೆ 10 ಸಲ ಓದುತ್ತದೆ, ತೂಕ ಬದಲಾದರೆ ಅದರ ಅಂಕಿ ಪೂರ್ತಿ ನೆಲೆಗೊಳ್ಳಲು 400 ಮಿಲಿಸೆಕೆಂಡ್ ಬೇಕು. ಸತತ ಏರುತ್ತಿರುವ ತೂಕಕ್ಕೆ ಇದರಿಂದ ಸುಮಾರು 0.2 ಸೆಕೆಂಡ್ ಹಿಂದೆ ಬೀಳುತ್ತದೆ. ಅಂಕಿ ಅಲುಗದಿರಲಿ ಎಂದು ಪ್ರೋಗ್ರಾಮಿನಲ್ಲಿ ಹತ್ತು ಓದುಗಳ ಸರಾಸರಿ ತೆಗೆದರೆ ಇನ್ನೊಂದು 0.45 ಸೆಕೆಂಡ್. ಒಟ್ಟು 0.65 ಸೆಕೆಂಡಿಗೆ 26 ಗ್ರಾಂ. ಇನ್ನೂ ಕೆಟ್ಟದ್ದು ಲೈಬ್ರರಿಯ "ಹತ್ತು ಓದಿ ಸರಾಸರಿ ಕೊಡು" ಎಂಬ ಒಂದೇ ಸಾಲಿನ ಆಜ್ಞೆ. ಅದು ಒಂದು ಸೆಕೆಂಡ್ ಪೂರ್ತಿ ಅಲ್ಲೇ ನಿಲ್ಲುತ್ತದೆ, ಆದ್ದರಿಂದ ಯಂತ್ರ ಸೆಕೆಂಡಿಗೆ ಒಮ್ಮೆ ಮಾತ್ರ ಕಣ್ಣು ಬಿಡುತ್ತದೆ. ಗುರಿ ದಾಟಿದ್ದು ಕಣ್ಣು ಬಿಡುವ ತುಸು ಮೊದಲಾದರೆ 26 ಗ್ರಾಂ ಹೆಚ್ಚು, ಮುಚ್ಚಿದ ಕೂಡಲೇ ಆದರೆ 66 ಗ್ರಾಂ. ಚದುರಿದ ಅಂಕಿಗಳಿಗೆ ನಾನು ಮೊದಲು ಹುಡುಕುವುದು ಈ ಸಾಲನ್ನೇ.

ಮದ್ದು ಎರಡು, ಎರಡನ್ನೂ ಮಾಡಿ. ಮೊದಲನೆಯದು ವೇಗವಾಗಿ ಓದುವುದು. ಎಚ್‌ಎಕ್ಸ್711 ಚಿಪ್ಪಿನ 15ನೇ ಕಾಲು ಗ್ರೌಂಡಿನಲ್ಲಿದ್ದರೆ ಸೆಕೆಂಡಿಗೆ 10, ಪ್ಲಸ್‌ನಲ್ಲಿದ್ದರೆ 80. ಹಸಿರು ಬೋರ್ಡಿನಲ್ಲಿ ಆ ಕಾಲನ್ನು ಸೂಜಿಯಿಂದ ಎತ್ತಿ ಪಕ್ಕದ 16ನೇ ಕಾಲಿಗೆ ಬೆಸೆಯಬೇಕು. ಕೈ ನಡುಗದವರು ಮಾಡಲಿ. ನೆಲೆಗೊಳ್ಳಲು ಆಗ 50 ಮಿಲಿಸೆಕೆಂಡ್ ಸಾಕು. ಅಂಕಿ ಅಲುಗುತ್ತದೆ ಎಂಬ ಹೆದರಿಕೆ ಬೇಡ, 5 ಕಿಲೋದ ಸೆಲ್ಲಿನಲ್ಲಿ ಚಿಪ್ಪಿನ ಸ್ವಂತ ಗದ್ದಲ ಗ್ರಾಮಿನ ಹತ್ತನೇ ಒಂದರಷ್ಟು. ಕಳೆದುಕೊಳ್ಳುವುದು 50 ಹರ್ಟ್ಸ್ ಕರೆಂಟಿನ ಗುನುಗನ್ನು ತಡೆಯುವ ಶಕ್ತಿ, ಅದಕ್ಕೆ ಸೆಲ್ಲಿನ ತಂತಿಯ ಹೊದಿಕೆಯನ್ನು ಗ್ರೌಂಡಿಗೆ ಸೇರಿಸಿ. ನಾಲ್ಕು ಓದುಗಳ ಚಲಿಸುವ ಸರಾಸರಿ ತೆಗೆದರೂ 40 ಗ್ರಾಂ ಹರಿವಿನಲ್ಲಿ ತಪ್ಪು 2 ಗ್ರಾಮಿನೊಳಗೆ.

ಎರಡನೆಯದು ಕೊನೆಯಲ್ಲಿ ನಿಧಾನ. ಗುರಿಗೆ 80 ಗ್ರಾಂ ಉಳಿದಾಗ ಹರಿವನ್ನು ಸೆಕೆಂಡಿಗೆ 5 ಗ್ರಾಮಿಗೆ ಇಳಿಸಿದರೆ ಹಳೆಯ 0.65 ಸೆಕೆಂಡ್ ವಿಳಂಬದಲ್ಲೂ ತಪ್ಪು ಮೂರು ಚಿಲ್ಲರೆ ಗ್ರಾಂ. ಉಳಿದ ಸ್ಥಿರ ತಪ್ಪನ್ನು ಯಂತ್ರವೇ ಕಲಿಯಲಿ: ಪಂಪ್ ನಿಂತು ಎರಡು ಸೆಕೆಂಡ್ ಬಿಟ್ಟು ಕೊನೆಯ ತೂಕ ನೋಡಿ, ತಪ್ಪಿನ ಕಾಲು ಭಾಗದಷ್ಟು ಮುಂಗಡ ಕಡಿತವನ್ನು (ಗುರಿಗೆ ಎಷ್ಟು ಗ್ರಾಂ ಮೊದಲೇ ಪಂಪ್ ನಿಲ್ಲಿಸಬೇಕು ಎಂಬ ಅಂಕಿ) ತಿದ್ದಿಕೊಳ್ಳಲಿ. ತಪ್ಪು 15 ಗ್ರಾಂ ಮೀರಿದರೆ ಆ ಡಬ್ಬಿಯ ಪಾಠ ಬೇಡ. ಯಾರೋ ಡಬ್ಬಿ ಮುಟ್ಟಿರುತ್ತಾರೆ.

ಚಳಿ, ಗಸಿ, ಗಾಳಿ

ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಮುಗಿಯುವ ಹೊತ್ತಿಗೆ ಹೊಸ ದೂರು ಶುರು. ಬೆಳಗ್ಗೆ ಕಡಿಮೆ ಬೀಳುತ್ತದೆ, ಮಧ್ಯಾಹ್ನ ಸರಿ. ಚಳಿಗೆ ಎಣ್ಣೆ ಮಂದವಾಗಿ ಹರಿವು ತಗ್ಗಿದೆ, ಮುಂಗಡ ಕಡಿತ ಮಾತ್ರ ಬಿಸಿಲಿನ ಅಳತೆಯಲ್ಲೇ ಉಳಿದಿದೆ. ಗ್ರಾಮಿನ ಬದಲು ಮಿಲಿಸೆಕೆಂಡಿನಲ್ಲಿ ಮುಂಗಡ ಇಟ್ಟುಕೊಂಡು, ಆ ಕ್ಷಣದ ಹರಿವಿನಿಂದ ಗುಣಿಸಿದರೆ ಈ ದೂರು ಬಹುಪಾಲು ಹೋಗುತ್ತದೆ. ಕೊಬ್ಬರಿ ಎಣ್ಣೆಯದು ಇನ್ನೊಂದು ಹಂತ: ಸುಮಾರು 24 ಡಿಗ್ರಿಗೆ ಅದು ಗಟ್ಟಿಯಾಗತೊಡಗುತ್ತದೆ, ನಮ್ಮಲ್ಲಿ ಡಿಸೆಂಬರ್ ಮುಂಜಾವು 15, 16 ಡಿಗ್ರಿ. ಹೆಪ್ಪುಗಟ್ಟಿದ ಪೈಪಿನ ಮೇಲೆ ಪಂಪ್ ಓಡಿಸಿದರೆ ಮೋಟಾರ್ ಸುಟ್ಟೀತು. ಪೈಪು, ವಾಲ್ವು ಎರಡನ್ನೂ ಬೆಚ್ಚಗೆ ಮಾಡಿಯೇ ಶುರುಮಾಡಿ. ಹರಳೆಣ್ಣೆಗೆ ಬೇರೆಯೇ ಪಂಪ್ ಇಡುವುದು ಮೇಲು.

ಮುಚ್ಚಿದ ಮೇಲೂ ತೊಟ್ಟಿಕ್ಕುತ್ತಿದ್ದರೆ ವಾಲ್ವ್ ಬಿಚ್ಚಿ. ಗಾಣದೆಣ್ಣೆಯನ್ನು ತಿಳಿಯಾಗಲು ಬಿಡದೆ ಪೀಪಾಯಿಗೆ ಸುರಿದಿದ್ದರೆ ಗಸಿ ವಾಲ್ವಿನ ಸೀಟಿನ ಮೇಲೆ ಕೂತು ಪೂರ್ತಿ ಮುಚ್ಚಲು ಬಿಡುವುದಿಲ್ಲ. ಜಾಲರಿ ಹಾಕಿ, ಹೀರುವ ಪೈಪನ್ನು ತಳದಿಂದ ನಾಲ್ಕು ಬೆರಳು ಮೇಲಿಡಿ. ಪೀಪಾಯಿ ನಳಿಕೆಗಿಂತ ಎತ್ತರದಲ್ಲಿದ್ದರೆ ಪಂಪ್ ನಿಂತರೂ ಎಣ್ಣೆ ತಾನಾಗಿ ಇಳಿಯುತ್ತಿರುತ್ತದೆ. ತಗ್ಗಿನಲ್ಲಿದ್ದರೆ ಪೈಪಿನ ಎಣ್ಣೆ ರಾತ್ರಿ ಹಿಂದಕ್ಕೆ ಇಳಿದು ಬೆಳಗಿನ ಮೊದಲ ಡಬ್ಬಿಗೆ ಗಾಳಿ ಬುಸುಗುಟ್ಟುತ್ತದೆ, ಅದಕ್ಕೆ ಹೀರುವ ತುದಿಯಲ್ಲಿ ಎಣ್ಣೆ ಹಿಂದಕ್ಕೆ ಇಳಿಯಲು ಬಿಡದ ಫುಟ್ ವಾಲ್ವ್ ಬೇಕು. ಪಂಪೇ ಇಲ್ಲದೆ ಎತ್ತರದ ಟ್ಯಾಂಕಿನಿಂದ ಇಳಿಸುವವರು ವಾಷಿಂಗ್ ಮೆಷಿನ್ನಿನ ವಾಲ್ವ್ ಹಾಕಿ, ತೆರೆಯುವುದೇ ಇಲ್ಲ ಎನ್ನುತ್ತಾರೆ. ಆ ಬಗೆಯ ವಾಲ್ವಿಗೆ ಒತ್ತಡ ಬೇಕು. ಒಂದು ಮೀಟರ್ ಎತ್ತರದ ಎಣ್ಣೆ ಕೊಡುವುದು 0.09 ಬಾರ್ ಮಾತ್ರ. ಸೊನ್ನೆ ಒತ್ತಡಕ್ಕೂ ತೆರೆಯುವ, ನೇರ ಎಳೆತದ ವಾಲ್ವ್ ಕೇಳಿ ತನ್ನಿ.

ಒಂದು ಕಡೆ ಕಣ್ಣಿಡಿ: ನಳಿಕೆ ಡಬ್ಬಿಯ ಬಾಯಿಗೆ ತಾಗಬಾರದು. ಉದ್ದ ಕತ್ತಿನ ಕ್ಯಾನಿಗೆ ನಳಿಕೆಯನ್ನು ಒಳಗೇ ತೂರಿಸುತ್ತಾರೆ. ಪಂಪ್ ಶುರುವಾದಾಗ ಪೈಪು ಬಿಗಿದು ಡಬ್ಬಿಯನ್ನು ಒತ್ತುತ್ತದೆ ಅಥವಾ ಎತ್ತುತ್ತದೆ, ಹತ್ತಿಪ್ಪತ್ತು ಗ್ರಾಂ ಎತ್ತ ಬೇಕಾದರೂ ಹೋಗುತ್ತದೆ. ನಳಿಕೆಯನ್ನು ಗಟ್ಟಿ ಸ್ಟ್ಯಾಂಡಿಗೆ ಬಿಗಿದು, ಡಬ್ಬಿಗೆ ಆಲಿಕೆ ಇಡಿ. ಆಲಿಕೆಯ ತೂಕ ಟೇರಿನಲ್ಲಿ ಸೇರಲಿ.

ದೋಷವೇ ಅಲ್ಲದ ದೂರು

"ನಿಮ್ಮ ಒಂದು ಲೀಟರ್ ನನ್ನ ಬಾಟಲಿಯಲ್ಲಿ ಕತ್ತಿನವರೆಗೆ ಬರ್ತಿತ್ತು, ಇವತ್ತು ಕೆಳಗಿದೆ" ಎಂದು ಗಿರಾಕಿ ಹೇಳಿದರೆ ಯಂತ್ರ ಬಿಚ್ಚುವ ಮೊದಲು ಹವೆ ನೋಡಿ. ಎಣ್ಣೆ ಬಿಸಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. 15 ಡಿಗ್ರಿ ವ್ಯತ್ಯಾಸಕ್ಕೆ ಲೀಟರಿನಲ್ಲಿ ಸುಮಾರು 10 ಮಿಲಿಲೀಟರ್. ತೂಕ ಅಷ್ಟೇ ಇದೆ. ಅಂಗಡಿಯಲ್ಲಿ "1 ಲೀಟರ್" ಜೊತೆಗೆ ಗ್ರಾಂ ಕೂಡ ಬರೆದು ತೂಗುಹಾಕಿದರೆ ಈ ವಾದ ಬರುವುದಿಲ್ಲ. ಆದರೆ ಎಣ್ಣೆ ಬದಲಿಸಿದಾಗ ಸಂಖ್ಯೆ ಬದಲಿಸಿದ್ದಾರೆಯೇ ನೋಡಿ: ಹರಳೆಣ್ಣೆಯ ಲೀಟರ್ ಸುಮಾರು 960 ಗ್ರಾಂ, 915ಕ್ಕೆ ನಿಲ್ಲಿಸಿದರೆ ಗಿರಾಕಿಗೆ ನಿಜಕ್ಕೂ ಕಡಿಮೆ.

ಮುದ್ರೆಯ ತಕ್ಕಡಿ

ನಾವು ಜೋಡಿಸಿದ ಯಂತ್ರ ಎಷ್ಟೇ ಸರಿ ತೂಗಲಿ, ಮಾರಾಟದ ತೂಕಕ್ಕೆ ಅದನ್ನೇ ಆಧಾರ ಮಾಡುವಂತಿಲ್ಲ. ಕಾನೂನು ಮಾಪನಶಾಸ್ತ್ರ ಕಾಯ್ದೆ, 2009ರ ಪ್ರಕಾರ ವ್ಯಾಪಾರಕ್ಕೆ ಬಳಸುವ ತಕ್ಕಡಿ ಪರಿಶೀಲನೆಯಾಗಿ ಮುದ್ರೆ ಹಾಕಿಸಿಕೊಂಡಿರಬೇಕು. ಯಂತ್ರ ಸುರಿಯಲಿ, ಡಬ್ಬಿಯನ್ನು ಗಿರಾಕಿಯ ಎದುರು ಮುದ್ರೆಯ ತಕ್ಕಡಿಯ ಮೇಲಿಟ್ಟು ಬಿಲ್ ಹಾಕಲಿ. ಆ ತಕ್ಕಡಿಯ ಸೀಲ್ ಬಿಚ್ಚಿ ಅದರ ಸೆಲ್ಲಿನಿಂದಲೇ ತಂತಿ ಎಳೆಯೋಣ ಎಂದು ಯಾರಾದರೂ ಕೇಳಿದರೆ ಬೇಡ ಎನ್ನಿ. ಅನೇಕ ತಕ್ಕಡಿಗಳ ಹಿಂದೆ ಆರ್‌ಎಸ್232 ಪೋರ್ಟ್ (ಕಂಪ್ಯೂಟರಿಗೆ ಅಂಕಿ ಕಳಿಸುವ ಕಿಂಡಿ) ಇರುತ್ತದೆ, ಸೀಲ್ ಮುಟ್ಟದೆ ತೂಕ ಓದಬಹುದು. ಪಂಪ್ ನಿಲ್ಲಿಸುವಷ್ಟು ವೇಗವಾಗಿ ಸಾಮಾನ್ಯವಾಗಿ ಅದು ಅಂಕಿ ಕಳಿಸುವುದಿಲ್ಲ, ಪ್ರತಿ ಡಬ್ಬಿಯ ಕೊನೆಯ ತೂಕವನ್ನು ಬರೆದಿಡಲು ಧಾರಾಳ ಸಾಕು. ಆ ಪಟ್ಟಿ ಇದ್ದರೆ ಮುಂದಿನ ಸಲ ದೂರು ಬಂದಾಗ ತಪ್ಪು ಯಾವತ್ತು, ಎಷ್ಟು ಹೊತ್ತಿಗೆ, ಯಾವ ಎಣ್ಣೆಯಲ್ಲಿ ಶುರುವಾಯಿತು ಎಂದು ಅಂಗಡಿಯವರನ್ನು ಕೇಳಬೇಕಾಗಿಲ್ಲ.